ಮುಖ ನೋಡಿ ಆಡುವ ಆಟ

ಪಾದರಸ ಎಂಬುದು ಗಿರಣಿಯ ಮಗ್ಗದ ಶೆಡ್ಡು ಅವನಿಗಿಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕೂಗುವವನ ಬಾಯಲ್ಲಿ ಮಾತ್ರ ಉಳಿದಿತ್ತು. ಗಿರಣಿಗೆ ಬೀಗ ಬಿದ್ದ ಮೇಲೆ ಅದನ್ನು ಕೂಗುವವರೂ ಇಲ್ಲವಾದರು. ಆರು ಮಗ್ಗಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅವನು ಒಂದು ಕಡೆ ಕುಂಡೆ ಊರಿದ್ದನ್ನು ಕಂಡವರಿಲ್ಲ. ಇಲ್ಲಿ ಎಳೆ ಕಡಿದರೆ ಗಂಟು ಹಾಕಬೇಕು, ಅಲ್ಲಿ ಲಾಳಿ ಬರಿದಾದರೆ ನೂಲು ಸುತ್ತಿದ ಹೊಸ ಕಂಡಿಕೆ ತುಂಬಬೇಕು. ಅದನ್ನು ಮುಗಿಸಿ ತಿರುಗುವಷ್ಟರಲ್ಲಿ ಹಿಂದಿನ ಮಗ್ಗ ನಿಂತಿರುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಆ ಓಣಿಗಳಲ್ಲಿ ತಿರುಗಿ ತಿರುಗಿ ಅವನ ಹರೆಯ ಕಳೆಯಿತು.

ಮಗ್ಗಗಳು ನಿಂತರೂ ಕಾಲು ನಿಲ್ಲಲಿಲ್ಲ. ಮನೆಯಲ್ಲಿ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಬಾಗಿಲಿಗೆ ತಿರುಗುತ್ತಿದ್ದ. ಕೈಗೂ ಕೆಲಸ ಬೇಕಲ್ಲ? ನೆಟ್ಟಗೆ ಸುರಿಯುತ್ತಿದ್ದ ನಲ್ಲಿಯನ್ನು ಬಿಚ್ಚಿದ. ತಣ್ಣಗೆ ತಿರುಗುತ್ತಿದ್ದ ಫ್ಯಾನನ್ನು ಇಳಿಸಿ, ಒರೆಸಿ, ಮತ್ತೆ ಕಟ್ಟಿದ. ಕಟ್ಟಿದ ಮೇಲೆ ಅದು ಕಿರುಗುಟ್ಟತೊಡಗಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು.

"ಈ ಮನೇಲಿ ಸರಿಯಾಗಿರೋ ಸಾಮಾನು ಯಾವುದಾದ್ರೂ ಇದ್ರೆ, ಅದು ಇನ್ನೂ ನಿಮ್ಮ ಕೈಗೆ ಸಿಕ್ಕಿಲ್ಲ ಅಂತ ಅರ್ಥ" ಎಂದಳು.

"ನೀನೂ ಸರಿಯಾಗೇ ಇದ್ದೀಯಲ್ಲ" ಎಂದ ಅವನು.

"ನನ್ನ ಹತ್ರ ಸ್ಪ್ಯಾನರ್ ತಗೊಂಡು ಬನ್ನಿ, ತೋರಿಸ್ತೀನಿ."

ಅವನು ಕೂರದಿರುವುದಕ್ಕೆ ಒಂದು ಕಾರಣವಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಸುಮ್ಮನೆ ಕೂತರೆ ಕಿವಿಯೊಳಗೆ ಒಂದು ತಂತಿ ಮಿಡಿಯುತ್ತಿತ್ತು. ಸಣ್ಣಗೆ, ಬಿಗಿಯಾಗಿ, ಬಿಡುವೇ ಇಲ್ಲದೆ ಮಿಡಿಯುತ್ತಿತ್ತು. ನಡೆದಾಡಿದರೆ, ಏನನ್ನಾದರೂ ಕುಟ್ಟಿದರೆ, ಅದು ಹಿಂದೆ ಸರಿಯುತ್ತಿತ್ತು. ಅಷ್ಟು ವರ್ಷ ಆ ಗದ್ದಲದಲ್ಲಿ ಬಾಳಿದ ಕಿವಿ ಅದು. ಶೆಡ್ಡಿನವರಲ್ಲಿ ಕಿವಿ ಪೂರ್ತಿ ನೆಟ್ಟಗಿರುವವರು ಯಾರೂ ಇರಲಿಲ್ಲ. ಆದರೆ ಎದುರುಮಗ್ಗನಿಗೆ ಆದಷ್ಟು ಯಾರಿಗೂ ಆಗಿರಲಿಲ್ಲ.

ಎದುರುಮಗ್ಗ ಅವನ ಗೆಳೆಯ. ಓಣಿಯ ಆಚೆ ಬದಿಯ ಮಗ್ಗಗಳು ಅವನವು, ಈಚೆ ಬದಿಯವು ಪಾದರಸನವು. ಹೀಗೆ ಎದುರುಬದುರಾಗಿ ಇಬ್ಬರೂ ಕೂದಲು ನರೆಯುವವರೆಗೆ ದುಡಿದರು. ಆ ಶೆಡ್ಡಿನಲ್ಲಿ ಕಿವಿಗೆ ಬಾಯಿ ಹಚ್ಚಿ ಅರಚಿದರೂ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿನವರಿಗೆ ಒಂದು ತುಟಿಮಾತು ಇತ್ತು. ದನಿ ಹೊರಡಿಸದೆ, ಬಾಯಿಯನ್ನು ಅಗಲವಾಗಿ ತೆರೆದು ತುಟಿಯಲ್ಲೇ ಮಾತಾಡುವುದು, ಓಣಿಯ ಆಚೆ ನಿಂತವನು ಅದನ್ನು ಕಣ್ಣಿನಲ್ಲಿ ಕೇಳಿಸಿಕೊಳ್ಳುವುದು. ಮೇಲ್ವಿಚಾರಕನನ್ನು ಅವನ ಬೆನ್ನ ಹಿಂದೆಯೇ ಬೈಯಲು ಇದಕ್ಕಿಂತ ಒಳ್ಳೆಯ ಭಾಷೆ ಯಾವುದಿದೆ? ಮದುವೆ ಮನೆಯಲ್ಲಿ ಇವರಿಬ್ಬರೂ ಸಭಾಂಗಣದ ಎರಡು ತುದಿಯಲ್ಲಿ ಕೂತು ಊಟದ ಬಗ್ಗೆ ಕೊಂಕು ಆಡಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದವರು ಇವರಿಗೇನಾದರೂ ಹಿಡಿದಿದೆಯೋ ಎಂದು ನೋಡುತ್ತಿದ್ದರು.

ಒಂದು ಸಂಜೆ ಎದುರುಮಗ್ಗನ ತಂಗಿ ಬಂದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅವಳು ಅಣ್ಣನ ಜೊತೆಯಲ್ಲೇ ಇದ್ದಳು. ಕೂರು ಎಂದರೂ ಕೂರದೆ ಬಾಗಿಲಿನಲ್ಲೇ ನಿಂತಳು.

"ನಮ್ಮಣ್ಣ ಮನೆ ಬಿಟ್ಟು ಹೊರಡೋದೇ ಇಲ್ಲ ಅಣ್ಣಾ. ಕಿವಿಗೆ ಹಾಕೋ ಮಿಷಿನ್ ಕೊಡಿಸಿದೆ. ಅದು ಹಾಕಿದ್ರೆ ಮತ್ತೆ ಶೆಡ್ಡಿಗೆ ಹೋದ ಹಾಗಾಗುತ್ತೆ ಅಂತ ಕಿತ್ತು ಬಿಸಾಕಿದ. ಹೋದ ತಿಂಗಳು ನಾನೇ ದುಂಬಾಲು ಬಿದ್ದು ಮದುವೆಗೆ ಕರ್ಕೊಂಡು ಹೋದೆ. ಅಲ್ಲಿ ಯಾರ ಬಾಯೂ ಅವನಿಗೆ ಅರ್ಥ ಆಗ್ಲಿಲ್ಲ. ಮನೆಗೆ ಬಂದವನು, ಇನ್ನು ಯಾರ ಮನೆಗೂ ಕರೀಬೇಡ ಅಂದುಬಿಟ್ಟ."

"ನಮ್ಮನೆಗೆ ಕರೀತೀನಿ ನಾನು" ಎಂದ ಪಾದರಸ.

"ಕರೀರಿ. ಆದ್ರೆ ಯೋಚಿಸಿ ಕರೀರಿ. ಈ ಸಲವೂ ಅವನು ಮುಖ ಸಣ್ಣದು ಮಾಡ್ಕೊಂಡು ವಾಪಸ್ ಬಂದ್ರೆ, ಮತ್ತೆ ಹೊಸ್ತಿಲು ದಾಟಲ್ಲ. ಅವನ ಹಟ ನಿಮಗೆ ಗೊತ್ತಲ್ಲ."

ಅವಳು ಹೋದ ಮೇಲೆ ಪಾದರಸನ ಮೈಮೇಲೆ ಇರುವೆ ಬಿಟ್ಟಂತಾಯಿತು. ಸುಮ್ಮನೆ ಕರೆದು ಚಹಾ ಕೊಟ್ಟು ಕಳಿಸುವ ಮಾತಲ್ಲ ಇದು. ಅವನು ವಾರ ವಾರ ಬರುವ ಹಾಗಿರಬೇಕು, ಬಂದು ಮಾತಿಲ್ಲದೆಯೂ ಕೂರುವ ಹಾಗಿರಬೇಕು. ಏನದು? ಕತ್ತಲಾಗುವವರೆಗೂ ಹಿತ್ತಿಲಿನಲ್ಲಿ ತಿರುಗಿದ.

"ಇಸ್ಪೀಟು" ಎಂದಳು ಹೆಂಡತಿ, ಬಟ್ಟೆ ಮಡಿಸುತ್ತ. "ಪೋಕರ್ ಅಂತ ಒಂದು ಆಟ ಇದೆ. ನರ್ಸುಗಳ ಕ್ವಾರ್ಟರ್ಸಲ್ಲಿ ರಜದ ಮಧ್ಯಾಹ್ನ ಆಡ್ತಿದ್ವಿ. ದೊಡ್ಡ ಡಾಕ್ಟರಮ್ಮನ್ನೇ ಬೋಳಿಸಿ ಕಳಿಸಿದ್ದೀನಿ ನಾನು."

"ಇಷ್ಟು ವರ್ಷ ನನಗೆ ಹೇಳಲೇ ಇಲ್ವಲ್ಲೇ!"

"ಹೇಳಿದ್ರೆ ನೀವು ಕೂತು ಆಡ್ತಿದ್ರಾ? ಅದ್ರಲ್ಲಿ ಮಾತು ಕಡಿಮೆ. ಐದು ಎಲೆ ಕೈಗೆ ಬರುತ್ತೆ, ಬೇಡದ್ದನ್ನ ಬದಲಾಯಿಸ್ಕೋಬಹುದು, ಆಮೇಲೆ ಪಣ ಕಟ್ಟೋದು. ಕೈಯಲ್ಲಿ ಏನೂ ಇಲ್ದಿದ್ರೂ ಇದೆ ಅಂತ ನಂಬಿಸಿ ಎದುರಿನವರನ್ನ ಓಡಿಸಬಹುದು. ಎಲೆಗಿಂತ ಹೆಚ್ಚಾಗಿ ಮುಖ ನೋಡಿ ಆಡೋ ಆಟ."

"ಮುಖ ನೋಡಿ ಆಡೋದಾ? ಹಾಗಾದ್ರೆ ಅದು ಅವನದೇ ಆಟ!" ಎಂದು ಪಾದರಸ ಕುಣಿದುಬಿಟ್ಟ.

ಮರುದಿನದಿಂದ ಮನೆಯಲ್ಲಿ ಒಂದು ಸಾಮಾನೂ ಇದ್ದ ಕಡೆ ಇರಲಿಲ್ಲ. ಗಿರಣಿಯ ಹರಾಜಿನಲ್ಲಿ ತಂದಿದ್ದ ಬಟ್ಟೆ ಮಡಿಸುವ ಮೇಜು ಹಿತ್ತಿಲಿನಲ್ಲಿ ಬಿದ್ದಿತ್ತು. ಅದನ್ನು ಒಳಗೆಳೆದು ತಂದ. ಬಾಗಿಲಿನಲ್ಲಿ ಹಿಡಿಯಲಿಲ್ಲವೆಂದು ಬಾಗಿಲನ್ನೇ ಕಳಚಿದ. ಅಗಲವಾದ ಒಂದೇ ದಪ್ಪ ಹಲಗೆ, ಒಂದು ಮೂಲೆಯಲ್ಲಿ ಗುದ್ದಿದರೆ ಇನ್ನೊಂದು ಮೂಲೆಯಲ್ಲಿಟ್ಟ ಕೈಗೆ ಗೊತ್ತಾಗುತ್ತಿತ್ತು. ದುಡ್ಡಿನ ಆಟ ಬೇಡವೆಂದು ಹೆಂಡತಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಪಣಕ್ಕೆ ತನ್ನ ಉಪಕರಣದ ಡಬ್ಬಿಯ ವಾಷರುಗಳನ್ನು ಸುರಿದ. ಕಬ್ಬಿಣದ್ದು ಚಿಲ್ಲರೆ, ಹಿತ್ತಾಳೆಯದು ನೋಟು, ತಾಮ್ರದ್ದು ಬಂಗಾರ. ಎಲ್ಲವನ್ನೂ ಎಣ್ಣೆ ತೆಗೆದು ಉಜ್ಜಿ ತೊಳೆದ. ಒಂದು ಬೆತ್ತದ ಕುರ್ಚಿ, ಒಂದು ಆಫೀಸಿನ ಕುರ್ಚಿ, ಎರಡು ಸ್ಟೂಲು, ಒಂದು ಟ್ರಂಕು ಸೇರಿ ಐದು ಜನಕ್ಕೆ ಆಸನವಾಯಿತು. ಬೆತ್ತದ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟ, ತೆಗೆದ, ಮತ್ತೆ ಅಲ್ಲೇ ಇಟ್ಟ.

"ಅದ್ಯಾಕೆ ಅದೊಂದೇ ಕುರ್ಚಿನ ಹಾಗೆ ಕುಣಿಸ್ತಿದ್ದೀರಿ?"

"ಅಲ್ಲಿ ಕೂತವನಿಗೆ ಉಳಿದವರ ಮುಖದ ಮೇಲೆ ಬೆಳಕು ಬೀಳಬೇಕು. ಬಾಯಿ ಚೆನ್ನಾಗಿ ಕಾಣ್ಬೇಕು."

ಅವಳು ಒಳಗೆ ಹೋಗಿ ಹಸಿರು ಕಂಬಳಿಯೊಂದನ್ನು ತಂದು ಮೇಜಿನ ಮೇಲೆ ಹಾಸಿದಳು. ಈ ಆಟಕ್ಕೆ ಹಸಿರು ಹಾಸಿದರೇ ಚಂದ ಎಂದಳು.

ಭಾನುವಾರ ಮಧ್ಯಾಹ್ನ ಮೊದಲು ಬಂದವನು ನೂಲಣ್ಣ. ಶೆಡ್ಡಿಗೆ ನೂಲಿನ ಗಾಡಿ ತಳ್ಳುತ್ತಿದ್ದ ಆಸಾಮಿ, ಗಾಡಿಗಿಂತ ಹೊಟ್ಟೆ ಮುಂದೆ. ಅವನ ಹಿಂದೆಯೇ ತಪಾಸಣೆಯವನು ಬಂದ. ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದೇ ಅವನ ಕೆಲಸವಾಗಿತ್ತು. ಗಿರಣಿ ಮುಚ್ಚಿದ ಮೇಲೆ ಅದೇ ಕಣ್ಣಿನಿಂದ ಲೋಕವನ್ನು ನೋಡುತ್ತಿದ್ದ.

"ಬಾಗಿಲು ಎಲ್ಲೋ?" ಎಂದ ಬಂದವನೇ.

"ಗೋಡೆಗೆ ಒರಗಿಸಿದ್ದೀನಿ. ನೀನು ಒಳಗೆ ಬಾ."

"ಬಾಗಿಲಿಲ್ಲದ ಮನೇಲಿ ಇಸ್ಪೀಟಂತೆ. ಬೀದಿಯವರಿಗೂ ಎಲೆ ಹಂಚೋಣ" ಎಂದು ಮೂಗು ಮುರಿಯುತ್ತ ಕೂತ.

ಎದುರುಮಗ್ಗ ಬರುವುದು ತಡವಾಯಿತು. ಪಾದರಸ ಬೀದಿಗೂ ಒಳಗೂ ಓಡಾಡಿ ನೂಲಣ್ಣನಿಗೆ ತಲೆ ಸುತ್ತು ಬರಿಸಿದ. ಕೊನೆಗೆ ತಂಗಿ ಅಣ್ಣನನ್ನು ಬೀದಿಯ ತಿರುವಿನವರೆಗೆ ತಂದು ಬಿಟ್ಟು, ದೂರದಿಂದಲೇ ಕೈ ಮಾಡಿ ಹೊರಟುಹೋದಳು. ಉದ್ದನೆಯ, ಬಾಗಿದ ಮನುಷ್ಯ. ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ಪರೀಕ್ಷೆಗೆ ಬಂದವನಂತೆ ಹೊಸ್ತಿಲಿನಲ್ಲಿ ನಿಂತ. ಪಾದರಸ ಬಾಯಿ ಅಗಲಿಸಿ ತುಟಿಯಲ್ಲೇ ಕೇಳಿದ: "ಎಷ್ಟು ಹೊತ್ತೋ ಕತ್ತೆ?"

ಎದುರುಮಗ್ಗನ ಮುಖದ ಬಿಗುವು ಒಂದಿಷ್ಟು ಸಡಿಲವಾಯಿತು. "ನಿನ್ನ ಮನೆ ಬಾಗಿಲು ಹುಡುಕ್ತಿದ್ದೆ" ಎಂದ, ಅವನೂ ದನಿಯಿಲ್ಲದೆ.

ಶೆಡ್ಡಿನವರೆಲ್ಲ ನರ್ಸಮ್ಮ ಎನ್ನುತ್ತಿದ್ದ ಪಾದರಸನ ಹೆಂಡತಿ ಆಟ ಹೇಳಿಕೊಟ್ಟಳು. ಒಂದು ಜೋಡಿಗಿಂತ ಎರಡು ಜೋಡಿ ಮೇಲು, ಎರಡು ಜೋಡಿಗಿಂತ ಒಂದೇ ಬಗೆಯ ಮೂರು ಎಲೆ ಮೇಲು. ಪಣ ಏರಿಸುವ ಮನಸ್ಸಿಲ್ಲದೆ ಸುಮ್ಮನೆ ಮುಂದೆ ಸಾಗುವುದಾದರೆ ಮೇಜನ್ನು ಬೆರಳಿನಿಂದ ತಟ್ಟಬೇಕು. ಎಲ್ಲ ಮಾತನ್ನೂ ಅವಳು ಎದುರುಮಗ್ಗನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. ಅವನು ತಲೆದೂಗಿದ. ಪಾದರಸನ ಜೀವ ಅರ್ಧ ನೆಲೆಗೆ ಬಂತು.

ಆಟ ಶುರುವಾಯಿತು. ಮೊದಲ ಸುತ್ತನ್ನು ಎದುರುಮಗ್ಗ ಗೆದ್ದ. ಹೊಸಬನ ಅದೃಷ್ಟ ಎಂದು ನಕ್ಕರು. ಎರಡನೆಯದನ್ನೂ ಗೆದ್ದ. ಅದರ ಮುಂದಿನದರಲ್ಲಿ ತಪಾಸಣೆಯವನು ಮುಖವನ್ನು ಕಲ್ಲು ಮಾಡಿಕೊಂಡು ಹಿತ್ತಾಳೆಯ ವಾಷರುಗಳನ್ನು ಮುಂದೆ ತಳ್ಳಿದರೆ, ಎದುರುಮಗ್ಗ ಕ್ಷಣ ಮಾತ್ರ ಅವನನ್ನು ನೋಡಿ ತನ್ನ ಎಲೆಗಳನ್ನು ಕೆಳಗಿಟ್ಟುಬಿಟ್ಟ. ತಪಾಸಣೆಯವನ ಕೈಯಲ್ಲಿ ಮೂರು ಎಕ್ಕ ಇತ್ತು. ಇನ್ನೊಂದು ಸುತ್ತಿನಲ್ಲಿ ನೂಲಣ್ಣ ಏನೂ ಇಲ್ಲದೆ ಆರ್ಭಟಿಸಿದ. ಎದುರುಮಗ್ಗ ಅಲುಗಾಡದೆ ಪಣ ಕಟ್ಟಿ ಅವನ ತಾಮ್ರವನ್ನೆಲ್ಲ ಬಳಿದುಕೊಂಡ. ವಾಷರುಗಳ ಗುಡ್ಡೆ ಬೆತ್ತದ ಕುರ್ಚಿಯ ಮುಂದೆ ಏರುತ್ತಲೇ ಹೋಯಿತು. ಅವನ ಕೆನ್ನೆಗೆ ಕೆಂಪು ಬಂದಿತ್ತು. ಒಮ್ಮೆ ದನಿಯ ಅಳತೆ ತಿಳಿಯದೆ ಜೋರಾಗಿ ನಕ್ಕೂಬಿಟ್ಟ. ಅಡುಗೆಮನೆಯ ತಟ್ಟೆಗಳು ನಡುಗಿದವು. ಪಾದರಸ ಆ ನಗುವನ್ನು ಕೇಳಿ ಯಾವ ಕಾಲವಾಗಿತ್ತು!

ತಪಾಸಣೆಯವನು ಸೋತರೆ ಸುಮ್ಮನಿರುವವನಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಒಂದು ಸುತ್ತು ಪೂರ್ತಿ ಎದುರುಮಗ್ಗನನ್ನೇ ದಿಟ್ಟಿಸಿದ.

"ತಪ್ಪು ಸಿಕ್ತು!" ಎಂದು ಮೇಜಿಗೆ ಗುದ್ದಿದ. "ಇವನು ಎಲೆ ನೋಡ್ತಿಲ್ಲ ಕಣ್ರೋ, ನಮ್ಮ ಬಾಯಿ ನೋಡ್ತಿದ್ದಾನೆ!"

ನಿಜವಾಗಿತ್ತು. ಶೆಡ್ಡಿನಲ್ಲಿ ಬೆಳೆದವರ ತುಟಿ ಸುಮ್ಮನಿರದು. ಮನಸ್ಸಿನಲ್ಲಿ ಏನು ಎಣಿಸಿದರೂ ದನಿಯಿಲ್ಲದೆ ತುಟಿ ಅದನ್ನು ಆಡಿಬಿಡುತ್ತದೆ. ನೂಲಣ್ಣ ಎಲೆ ಎತ್ತಿದ ಕೂಡಲೇ ಅವನ ತುಟಿ "ಜೋಡಿ ಒಂಬತ್ತು, ಒಂದು ಗುಲಾಮ, ಥೂ" ಎನ್ನುತ್ತಿತ್ತು. ತಪಾಸಣೆಯವನ ಹಣೆ ಕಲ್ಲಾದರೂ ಬಾಯಿ "ಎಕ್ಕ, ಎಕ್ಕ, ಎಕ್ಕ" ಎಂದು ಸಾರುತ್ತಿತ್ತು. ಕಿವಿ ಇನ್ನೂ ಅಷ್ಟಿಷ್ಟು ಕೇಳುವ ಉಳಿದವರು ತುಟಿ ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಎದುರುಮಗ್ಗನಿಗೆ ಬೇರೆ ದಾರಿಯೇ ಇರಲಿಲ್ಲ. ಅವನು ಗೆಲ್ಲಲಾಗದಿದ್ದದ್ದು ನರ್ಸಮ್ಮನ ಮುಂದೆ ಮಾತ್ರ. ಅವಳು ತುಟಿ ಪಿಟಕ್ಕೆನ್ನದೆ ಆಡುತ್ತಿದ್ದಳು.

"ಇದು ಆಟವಾ? ಮೂರು ಜನ ಎಲೆ ಬಿಚ್ಚಿಟ್ಟು ಕೂತ ಹಾಗಾಯ್ತು" ಎಂದು ತಪಾಸಣೆಯವನು ಎದ್ದೇಬಿಟ್ಟ.

"ಕೂತ್ಕೊಳ್ಳಿ, ಇದಕ್ಕೆ ನನ್ನ ಹತ್ರ ಔಷಧಿ ಇದೆ" ಎಂದು ನರ್ಸಮ್ಮ ಬೀರುವಿನಿಂದ ಡಬ್ಬಿಯೊಂದನ್ನು ತಂದಳು. ಆಸ್ಪತ್ರೆಯ ಕಾಲದಲ್ಲಿ ಉಳಿದಿದ್ದ ಮಾಸ್ಕುಗಳು. ಎಲ್ಲರಿಗೂ ಹಂಚಿದಳು. ನೂಲಣ್ಣ ಅದನ್ನು ಕಟ್ಟಿಕೊಂಡು, "ಅತ್ತಿಗೆ, ಮೊದಲು ಯಾರ ಹೊಟ್ಟೆ ಕೊಯ್ಯೋದು?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಎದುರುಮಗ್ಗನೂ ನಕ್ಕ. ಆದರೆ ಒಂದು ಗಳಿಗೆ ತಡವಾಗಿ ನಕ್ಕ.

ಅದನ್ನು ಕಂಡದ್ದು ಪಾದರಸ ಒಬ್ಬನೇ. ಗೆಳೆಯ ಮಾತಿಗೆ ನಕ್ಕಿರಲಿಲ್ಲ, ಉಳಿದವರ ಭುಜ ಕುಲುಕಿದ್ದನ್ನು ನೋಡಿ ನಕ್ಕಿದ್ದ. ಎಲೆ ಹಂಚಿದರು. ಮಾಸ್ಕಿನ ಹಿಂದಿನಿಂದ ತಪಾಸಣೆಯವನು ಏನೋ ಅಂದ, ನೂಲಣ್ಣ ತಿರುಗಿ ಏನೋ ಅಂದ. ಎದುರುಮಗ್ಗನ ಕಣ್ಣು ಒಂದು ಬಿಳಿ ಬಟ್ಟೆಯಿಂದ ಇನ್ನೊಂದು ಬಿಳಿ ಬಟ್ಟೆಗೆ ಹಾರಿ, ಎಲ್ಲೂ ಹಿಡಿ ಸಿಗದೆ ತನ್ನ ಎಲೆಗಳಿಗೆ ಬಂದು ಬಿತ್ತು. ಅವನ ಸರದಿ ಬಂತು. ಅವನಿಗೆ ತಿಳಿಯಲಿಲ್ಲ. ನರ್ಸಮ್ಮ ಮೇಜು ತಟ್ಟಿ ಸೂಚನೆ ಕೊಟ್ಟಳು. ದಪ್ಪ ಕಂಬಳಿ ಆ ನಡುಕವನ್ನು ಅವನ ಕೈಗೆ ಮುಟ್ಟಗೊಡದೆ ನುಂಗಿತು. "ಲೋ, ನಿಂದೇ ಕಣೋ!" ಎಂದು ನೂಲಣ್ಣ ಅರಚಿದ. ಆ ಕೂಗು ಬೀದಿಯಲ್ಲಿ ಹೋಗುತ್ತಿದ್ದವನಿಗೆ ಕೇಳಿ ಅವನು ತಿರುಗಿ ನೋಡಿದ, ಕೂಗಿಸಿಕೊಂಡವನು ನೋಡಲಿಲ್ಲ.

ಪಾದರಸನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿವಿಯೊಳಗಿನ ತಂತಿ ಕಿತ್ತು ಹೋಗುವಷ್ಟು ಬಿಗಿಯಾಗಿ ಮಿಡಿಯುತ್ತಿತ್ತು. ಆ ಬೆತ್ತದ ಕುರ್ಚಿಯಲ್ಲಿ ಕೂತು ಭುಜ ನೋಡಿ ನಗುವ ಸರದಿ ಇವತ್ತಲ್ಲ ನಾಳೆ ತನ್ನದೇ ಎಂಬುದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಎದುರುಮಗ್ಗ ತನ್ನ ಎಲೆಗಳನ್ನು ಜೋಡಿಸಿ ಕೆಳಗಿಟ್ಟು, ವಾಷರಿನ ಗುಡ್ಡೆಯನ್ನು ಮೇಜಿನ ನಡುವಿಗೆ ಮೆಲ್ಲಗೆ ತಳ್ಳಿ ಎದ್ದ. ಮಾಸ್ಕು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಇಟ್ಟ.

"ತಂಗಿ ಕಾಯ್ತಿರ್ತಾಳೆ" ಎಂದ, ಗೋಡೆಗೆ ಹೇಳುವಂತೆ.

ಪಾದರಸ ತನ್ನ ಮಾಸ್ಕನ್ನು ಕಿತ್ತೆಸೆದು ಬಾಗಿಲಿಲ್ಲದ ಬಾಗಿಲಿಗೆ ಅಡ್ಡ ನಿಂತ. ದನಿ ಹೊರಡಿಸದೆ ಬಾಯಿ ಅಗಲಿಸಿದ.

"ಕೂರೋ."

"ಬೇಡ ಬಿಡೋ. ನನ್ನಿಂದ ನಿಮ್ಮ ಆಟ ಕೆಡ್ತು."

"ಕೆಟ್ರೆ ಬಿಚ್ಚಿ ಕಟ್ತೀನಿ. ದಿನಾ ಇನ್ನೇನು ಮಾಡ್ತೀನಿ ನಾನು?"

ಅವನು ಉತ್ತರಕ್ಕೆ ಕಾಯಲಿಲ್ಲ. ಕಂಬಳಿಯ ಒಂದು ತುದಿ ಹಿಡಿದು ಎಳೆದೇಬಿಟ್ಟ. ಎಲೆಗಳು ಹಾರಿದವು, ವಾಷರುಗಳು ಝಣಝಣ ನೆಲಕ್ಕೆ ಸುರಿದು ಟ್ರಂಕಿನ ಕೆಳಗೆಲ್ಲ ಉರುಳಿದವು. "ಹುಚ್ಚು ಹಿಡೀತಾ ನಿಂಗೆ!" ಎಂದು ನೂಲಣ್ಣ ಹೊಟ್ಟೆ ಹಿಡಿದುಕೊಂಡು ಬಗ್ಗಿದ. ನರ್ಸಮ್ಮ ಒಮ್ಮೆ ಗಂಡನ ಮುಖ, ಒಮ್ಮೆ ಮಡಿಸಿಟ್ಟ ಮಾಸ್ಕು ನೋಡಿದಳು. ತನ್ನ ಔಷಧಿ ಯಾರಿಗೆ ತಗುಲಿತೆಂದು ಅವಳಿಗೆ ಹೊಳೆಯಿತು. ತುಟಿ ಕಚ್ಚಿಕೊಂಡು ಎಲ್ಲರ ಮಾಸ್ಕುಗಳನ್ನೂ ತಾನೇ ಕಸಿದು ಡಬ್ಬಿಗೆ ತುರುಕಿದಳು.

"ಸರಿ, ಬಾಯಿ ತೆರೆದು ಕೂತ್ರೆ ಇವನೇ ಗೆಲ್ತಾನೆ. ಅದಕ್ಕೇನು ಮಾಡ್ತೀಯ?" ಎಂದ ತಪಾಸಣೆಯವನು. ಈಗ ಅವನೂ ಎದುರುಮಗ್ಗನ ಕಡೆ ಮುಖ ಮಾಡಿ ಬಿಡಿಸಿ ಬಿಡಿಸಿ ಹೇಳಿದ.

ಪಾದರಸ ಮೇಜಿನ ಸುತ್ತ ಒಂದು ಸುತ್ತು ಹಾಕಿದ. ಇನ್ನೊಂದು ಹಾಕಿದ. ನಿಂತ.

"ಬಾಯಿ ಮುಚ್ಚೋದು ಬೇಡ. ಬಾಯಿ ಸುಳ್ಳು ಹೇಳ್ಲಿ!"

ಶೆಡ್ಡಿನಲ್ಲಿ ಎಲ್ಲ ಬಗೆಯ ಸುಳ್ಳೂ ನಡೆಯುತ್ತಿತ್ತು. ತುಟಿಮಾತಿನಲ್ಲಿ ಮಾತ್ರ ಯಾರೂ ಸುಳ್ಳಾಡಿದವರಲ್ಲ. ಓಣಿಯ ಆಚೆಯಿಂದ "ಕೈ ತೆಗಿ" ಎಂದು ತುಟಿ ಅಲುಗಿದರೆ ಹಿಂದೆಮುಂದೆ ನೋಡದೆ ಕೈ ತೆಗೆಯಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತಿತ್ತು. ಪಾದರಸನ ಹತ್ತು ಬೆರಳು ಇಂದಿಗೂ ಹತ್ತಾಗಿ ಉಳಿದದ್ದು ಎದುರುಮಗ್ಗನ ತುಟಿಯಿಂದ. ಅಂಥ ತುಟಿಯಲ್ಲಿ ಸುಳ್ಳೇ?

ಎದುರುಮಗ್ಗ ಹೊಸ್ತಿಲಿನಲ್ಲೇ ನಿಂತು ಯೋಚಿಸಿದ. "ನಿಮ್ಮ ಕೈಲಿ ಆಗಲ್ಲ" ಎಂದ ಕೊನೆಗೆ, ದನಿ ಎತ್ತಿ.

"ನಿನ್ನ ಕೈಲಿ ಆಗುತ್ತಾ?" ಎಂದ ಪಾದರಸ.

ಅವನು ಬಂದು ಬೆತ್ತದ ಕುರ್ಚಿಯಲ್ಲಿ ಕೂತ.

ನೆಲದ ಮೇಲಿನ ವಾಷರುಗಳನ್ನು ಸಿಕ್ಕಷ್ಟು ಬಾಚಿ ಮತ್ತೆ ಹಂಚಿದರು. ಬರಿಯ ಹಲಗೆಯ ಮೇಲೆ ಆಟ ಶುರುವಾಯಿತು. ನೂಲಣ್ಣ "ನಾಲ್ಕು ರಾಜ" ಎಂದು ತುಟಿ ಆಡಿಸುವಾಗ ಅವನಿಗೇ ನಗು ತಡೆಯಲಾಗದೆ ಹಲ್ಲು ಕಿಸಿದ. ತಪಾಸಣೆಯವನು ಎಷ್ಟು ಅಭ್ಯಾಸ ಮಾಡಿಕೊಂಡರೂ ಮೊದಲು ಸುಳ್ಳು ಹೇಳಿ ಆಮೇಲೆ ಮರೆತು ನಿಜ ಹೇಳುತ್ತಿದ್ದ. ಎದುರುಮಗ್ಗ ಮಾತ್ರ ಸಂತನ ಮುಖ ಮಾಡಿ "ಏನೂ ಬಂದಿಲ್ಲ, ಕರ್ಮ" ಎಂದು ತುಟಿಯಲ್ಲೇ ಗೊಣಗಿ, ನೂಲಣ್ಣನನ್ನು ಪಣಕ್ಕೆ ಎಳೆದು ತಂದು ಮೂರು ರಾಣಿ ಬಿಚ್ಚಿಟ್ಟ. "ಅಯ್ಯೋ ಕಳ್ಳ! ಇಷ್ಟು ವರ್ಷ ಈ ಬಾಯಿ ನಂಬಿ ಮಗ್ಗದೊಳಗೆ ಕೈ ಹಾಕಿದ್ವಲ್ಲೋ!" ಎಂದು ನೂಲಣ್ಣ ಎದೆ ಬಡಿದುಕೊಂಡ.

ಕೊನೆಗೆ ಪಾದರಸನೂ ಎದುರುಮಗ್ಗನೂ ಇಬ್ಬರೇ ಉಳಿದ ಸುತ್ತೊಂದು ಬಂತು. ಪಾದರಸನ ಕೈಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆ. ಅವನು ಕಣ್ಣು ತಗ್ಗಿಸಿ, ತನಗೆ ತಾನೇ ಹೇಳಿಕೊಳ್ಳುವವನಂತೆ "ಮೂರು ಎಕ್ಕ" ಎಂದು ತುಟಿ ಆಡಿಸಿದ. ಚೆನ್ನಾಗಿಯೇ ಆಡಿಸಿದ. ನರ್ಸಮ್ಮ ಕೂಡ ಹುಬ್ಬೇರಿಸಿದಳು. ಇದ್ದ ತಾಮ್ರವನ್ನೆಲ್ಲ ಮುಂದೆ ತಳ್ಳಿದ.

ಎದುರುಮಗ್ಗ ಒಮ್ಮೆ ಅವನ ಬಾಯಿ ನೋಡಿ ಕಣ್ಣು ತೆಗೆದ. ಎಡ ಅಂಗೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಊರಿ, ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೂತ. ಹಿಂದೆ ಮಗ್ಗದ ಚೌಕಟ್ಟಿನ ಮೇಲೆ ಕೈಯಿಟ್ಟು ಒಳಗಿನ ದೋಷ ಹುಡುಕುತ್ತಿದ್ದದ್ದು ಹೀಗೆಯೇ. ಆಮೇಲೆ ತನ್ನ ಇಡೀ ಗುಡ್ಡೆಯನ್ನು ನಡುವಿಗೆ ನೂಕಿದ.

"ತೋರಿಸೋ ನಿನ್ನ ಎಕ್ಕ!"

ಪಾದರಸ ಎಲೆಗಳನ್ನು ಒಗೆದ. ಮನೆ ಹಾರಿಹೋಗುವ ಹಾಗೆ ನಕ್ಕರು.

"ಹ್ಯಾಗೆ ಗೊತ್ತಾಯ್ತು? ತುಟಿ ಸರಿಯಾಗೇ ಆಡಿಸಿದ್ನಲ್ಲ!"

"ತುಟಿ ಸರಿಯಾಗೇ ಇತ್ತು" ಎಂದ ಎದುರುಮಗ್ಗ, ಬೀದಿಗೆಲ್ಲ ಕೇಳುವ ದನಿಯಲ್ಲಿ. "ಮೊಣಕಾಲು! ಸುಳ್ಳು ಹೇಳುವಾಗ ನಿನ್ನ ಮೊಣಕಾಲು ಮಗ್ಗ ಓಡಿಸುತ್ತೆ. ಹಲಗೆ ಪೂರ್ತಿ ನಡುಗ್ತಿದೆ!"

ಸಂಜೆ ತಂಗಿ ಬಂದಾಗ ಆಟ ನಡೆದೇ ಇತ್ತು. ಬಾಗಿಲಿಲ್ಲದ ಬಾಗಿಲಿನಲ್ಲಿ ನಿಂತು ಅವಳು ಅಣ್ಣನನ್ನೇ ನೋಡಿದಳು. ಅವನು ತಲೆ ಎತ್ತದೆ, "ನೀನು ನಡಿ, ನಾನು ಬರ್ತೀನಿ. ದಾರಿ ಗೊತ್ತು ನಂಗೆ" ಎಂದ. ಅವಳು ಪಾದರಸನ ಕಡೆ ನೋಡಿದಳು. ಪಾದರಸನಿಗೆ ಅವಳತ್ತ ತಿರುಗಲು ಪುರುಸೊತ್ತಿರಲಿಲ್ಲ. ಅವನ ಕೈಗೆ ಮತ್ತೆ ಕೆಲಸಕ್ಕೆ ಬಾರದ ಐದು ಎಲೆ ಬಂದಿದ್ದವು. ಕಿವಿಯಲ್ಲಿ ತಂತಿ ಮಿಡಿಯುತ್ತಿತ್ತು, ಎದ್ದು ಹಿತ್ತಿಲಿಗೆ ಓಡು ಎಂದು ಕಾಲು ಗೋಗರೆಯುತ್ತಿತ್ತು. ಅವನು ಎಲೆಗಳನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಮೇಜಿನ ಕೆಳಗೆ ತನ್ನ ಮೊಣಕಾಲನ್ನು ಅದುಮಿಕೊಂಡು, ಎದುರಿನ ಹಲಗೆಯ ಮೇಲಿದ್ದ ಗೆಳೆಯನ ಅಂಗೈಯನ್ನೇ ನೋಡುತ್ತ ಕೂತಿದ್ದ.